ಲೆಕ್ಕಪತ್ರದ ಸರ್ವರ್: ಒಂದು ಡಿಸ್ಕಿನ ಉಳಿತಾಯ ನಿಜವಾದ ಲಾಭವೇ?

ನನ್ನ ಕಕ್ಷಿದಾರರೊಬ್ಬರ ಸರ್ವರಿನಲ್ಲಿ ಒಂದು ಡಿಸ್ಕು ಕೆಟ್ಟು ಎಷ್ಟು ದಿನವಾಗಿತ್ತೋ ಯಾರೂ ಗಮನಿಸಿರಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಎರಡನೆಯದೂ ಕೆಟ್ಟಿತು. ವಸೂಲಾಗಬೇಕಾದ ಬಾಕಿಯ ಪಟ್ಟಿಯನ್ನು ಕಾಗದದ ಬಿಲ್ಲುಗಳಿಂದ ಮತ್ತೆ ಸಿದ್ಧಪಡಿಸಲು ಮೂರು ವಾರ ಹಿಡಿಯಿತು. ಗೋದಾಮಿನ ಸರಕಿಗೆ ತಪ್ಪದೆ ವಿಮೆ ಮಾಡಿಸುವ ನಾವು, ಸರ್ವರಿನ ದರಪಟ್ಟಿಯಲ್ಲಿರುವ ‘ರೈಡ್’ ಎಂಬ ಸಾಲನ್ನು ಓದದೆಯೇ ಸಹಿ ಹಾಕುತ್ತೇವೆ.

ಹಲವು ಡಿಸ್ಕುಗಳನ್ನು ಒಂದುಗೂಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಈ ವಿಧಾನವನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದರು. ರೈಡ್ 1 ಎಂದರೆ ಬಿಲ್ಲಿನ ಕಾರ್ಬನ್ ಪ್ರತಿಯಂತೆ ಎಲ್ಲವೂ ಎರಡು ಡಿಸ್ಕುಗಳಲ್ಲಿ ದಾಖಲಾಗುವುದು. ಇಂತಹ ಜೋಡಿಗಳ ಸಮೂಹವೇ ರೈಡ್ 10. ರೈಡ್ 5 ನಮ್ಮ ಖಾತೆಪುಸ್ತಕದ ಮೊತ್ತದಂತೆ: ಒಂದು ಅಂಕಿ ಅಳಿಸಿಹೋದರೆ ಮೊತ್ತದಿಂದ ಅದನ್ನು ಕಂಡುಹಿಡಿಯಬಹುದು, ಎರಡು ಅಳಿಸಿದರೆ ಸಾಧ್ಯವಿಲ್ಲ. ರೈಡ್ 6ರಲ್ಲಿ ಇಂತಹ ಎರಡು ತಾಳೆಗಳಿರುವುದರಿಂದ ಯಾವುದೇ ಎರಡು ಡಿಸ್ಕುಗಳ ನಷ್ಟವನ್ನು ತಡೆದುಕೊಳ್ಳುತ್ತದೆ. ರೈಡ್ 0ರಲ್ಲಿ ರಕ್ಷಣೆಯೇ ಇಲ್ಲ.

ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ ರೈಡ್ 5ರಲ್ಲಿ 12 ಟೆರಾಬೈಟ್ ಸ್ಥಳ ದೊರೆಯುತ್ತದೆ. ರೈಡ್ 6 ಮತ್ತು 10ರಲ್ಲಿ 8 ಮಾತ್ರ. ಮಾರಾಟಗಾರರು ತೋರಿಸುವ ಉಳಿತಾಯ ಇದೇ. ಆದರೆ ಒಂದು ಸಣ್ಣ ನಮೂದಿಗೆ ಸಾಮಾನ್ಯವಾಗಿ ರೈಡ್ 10ರಲ್ಲಿ ಡಿಸ್ಕಿನ ಎರಡು ಕಾರ್ಯಗಳು ಸಾಕಾದರೆ, ರೈಡ್ 5ರಲ್ಲಿ ನಾಲ್ಕು, ರೈಡ್ 6ರಲ್ಲಿ ಆರು ಬೇಕು. ಬಿಲ್ಲಿಂಗ್ ಮತ್ತು ದಾಸ್ತಾನಿನ ಕೆಲಸವೆಲ್ಲ ಇಂತಹ ಸಣ್ಣ ನಮೂದುಗಳೇ. ಇದಲ್ಲದೆ, ರೈಡ್ 5ರಲ್ಲಿ ಕೆಟ್ಟ ಡಿಸ್ಕನ್ನು ಬದಲಿಸಿದಾಗ ಉಳಿದ ಎಲ್ಲ ಡಿಸ್ಕುಗಳನ್ನೂ ಪೂರ್ತಿ ಓದಬೇಕಾಗುತ್ತದೆ. ದೊಡ್ಡ ಡಿಸ್ಕುಗಳಿಗೆ ಇದು ಹಲವು ಗಂಟೆಗಳ ಕೆಲಸ. ಆ ಅವಧಿಯಲ್ಲಿ ಇನ್ನೊಂದು ಕೆಟ್ಟರೆ ಎಲ್ಲವೂ ಹೋದಂತೆಯೇ. ರೈಡ್ 10ರಲ್ಲಿ ಜೋಡಿ ಡಿಸ್ಕೊಂದನ್ನು ಮಾತ್ರ ನಕಲು ಮಾಡಿದರೆ ಸಾಕು. ಆ ಜೋಡಿಯೂ ಕೆಟ್ಟರೆ ಮಾತ್ರ ಅಪಾಯ.

ಆದ್ದರಿಂದ ಲೆಕ್ಕಪತ್ರ ಹಾಗೂ ಬಿಲ್ಲಿಂಗಿಗೆ ಎರಡು ಡಿಸ್ಕುಗಳಾದರೆ ರೈಡ್ 1, ನಾಲ್ಕಾದರೆ ರೈಡ್ 10 ಸೂಕ್ತವೆಂಬುದು ನನ್ನ ಅಭಿಪ್ರಾಯ. ಹಳೆಯ ದಾಖಲೆಗಳ ಸ್ಕ್ಯಾನ್ ಪ್ರತಿ, ಯಂತ್ರಭಾಗಗಳ ನಕ್ಷೆ ಮೊದಲಾದ ಹೆಚ್ಚು ಬದಲಾಗದ ಸಂಗ್ರಹಕ್ಕೆ ರೈಡ್ 6 ಸಾಕು. ಡಿಸ್ಕು ಕೆಟ್ಟೊಡನೆ ಎಚ್ಚರಿಕೆಯ ಸಂದೇಶ ಮಾಲೀಕರಿಗೇ ಬರುವಂತೆ ಮಾಡಿ, ಒಂದು ಬದಲಿ ಡಿಸ್ಕನ್ನು ಸಿದ್ಧವಾಗಿಟ್ಟಿರಬೇಕು.

ಯಾವ ರೈಡ್ ಕೂಡ ಬ್ಯಾಕಪ್‌ಗೆ ಪರ್ಯಾಯವಲ್ಲ. ಗುಮಾಸ್ತರು ತಪ್ಪಾಗಿ ಅಳಿಸಿದ್ದನ್ನು ಅದು ಎರಡೂ ಡಿಸ್ಕುಗಳಲ್ಲಿ ನಿಷ್ಠೆಯಿಂದ ಅಳಿಸುತ್ತದೆ. ಬೆಂಕಿ, ಕಳವು, ವೈರಸ್‌ಗಳನ್ನು ತಡೆಯುವುದಿಲ್ಲ. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷಗಳ ಲೆಕ್ಕಪತ್ರಗಳನ್ನು ಕಾಪಾಡಬೇಕು. 2022ರ ತಿದ್ದುಪಡಿಯ ನಂತರ ಕಂಪನಿಗಳು ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕಾಗಿದೆ. ಮುಂದಿನ ದರಪಟ್ಟಿಗೆ ಸಹಿ ಹಾಕುವ ಮುನ್ನ ಸದಸ್ಯರು ಡಿಸ್ಕಿನ ಬೆಲೆಯ ಜೊತೆಗೆ ಒಂದು ವಾರ ಬಿಲ್ಲಿಂಗ್ ನಿಂತರೆ ಆಗುವ ನಷ್ಟವನ್ನೂ ಲೆಕ್ಕಹಾಕಲಿ ಎಂದು ವಿನಂತಿಸುತ್ತೇನೆ.