ವಾಡೆ ಉಳಿಯುವುದು ಹೇಗೆ?

ಕೊಂಢವಾದ ನಮಗೆ ವಾನವಡಿಯ ಮಹಾದಜಿ ಶಿಂದೆ ಛತ್ರಿ ನೆರೆಯದು. ಅದನ್ನು ಕಂಡಾಗಲೆಲ್ಲ ಬಿಟ್ಟುಬಂದ ಊರಿನ ಹಳೆಯ ವಾಡೆಗಳು ನೆನಪಾಗುತ್ತವೆ. ಹೋಟೆಲು ಮಾಡಿದರೆ ಅವು ಉಳಿದಾವು ಎಂಬ ಮಾತು ಅರ್ಧಸತ್ಯ. 1921ರಲ್ಲಿ ಕಟ್ಟಿದ ಮೈಸೂರಿನ ಲಲಿತಮಹಲು 1974ರಲ್ಲಿ ಹೋಟೆಲಾಗಿ ಉಳಿಯಿತು, ನಿಜ. ಅದರ ಬೆನ್ನಿಗೆ ಸರ್ಕಾರವಿತ್ತು. ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡ ಅಂಗಡಿಗಳಿಂದ ತುಂಬಿದ್ದರೂ 2012ರಲ್ಲಿ ಭಾಗಶಃ ಕುಸಿದು ನಾಲ್ವರನ್ನು ಬಲಿ ತೆಗೆದುಕೊಂಡಿತು.

ಬಳಕೆಯೊಂದೇ ಸಾಲದು, ಗಾರೆ, ಸೂರು, ತೊಲೆಗಳಿಗೆ ನಿರಂತರ ಆರೈಕೆ ಬೇಕು. ಸಣ್ಣ ಊರಿನ ಖಾನಾವಳಿಯವನಿಗೆ ಆ ವೆಚ್ಚ ಭಾರ. ಅವನಿಗೆ ಕರವಿನಾಯಿತಿ, ಅಗ್ಗದ ಸಾಲ ದೊರೆಯಬೇಕು. ಪಾಲಿನ ಆಸೆಗೆ ವಾಡೆ ಮಾರಿ, ಸಂಘದ ವೇದಿಕೆಯಲ್ಲಿ ಪರಂಪರೆಗಾಗಿ ಕಣ್ಣೀರಿಡುವ ನಾವೂ ಒಂದು ಬೇಸಿಗೆಯ ದುರಸ್ತಿಯ ಹಣವನ್ನು ಊರಿಗೆ ಕಳಿಸೋಣ.