ನೊಂದವರ ಹೆಸರಿನಲ್ಲಿ ಹಾರ ಯಾರ ಕೊರಳಿಗೆ?

ಅಪರಾಧಕ್ಕೆ ಗುರಿಯಾದವರನ್ನು ಕುರಿತು ಅಧ್ಯಯನ ಮಾಡುವ ಶಾಸ್ತ್ರಕ್ಕೆ ವಿಕ್ಟಿಮಾಲಜಿ ಎಂದು ಹೆಸರು. ಆ ಶಾಸ್ತ್ರದಲ್ಲಿ ದೊಡ್ಡ ಕೆಲಸ ಮಾಡಿದವರಿಗೆ ಪ್ರಶಸ್ತಿಗಳೂ ಇವೆ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 1979ರಲ್ಲಿ ಹುಟ್ಟಿದ ವಿಶ್ವ ವಿಕ್ಟಿಮಾಲಜಿ ಸಂಘ ಹಾನ್ಸ್ ಫಾನ್ ಹೆಂಟಿಗ್ ಹೆಸರಿನ ಪ್ರಶಸ್ತಿ ಕೊಡುತ್ತದೆ. ನಮ್ಮಲ್ಲಿ 1992ರಲ್ಲಿ ಶುರುವಾದ ಭಾರತೀಯ ವಿಕ್ಟಿಮಾಲಜಿ ಸಂಘವಿದೆ. ಅದಕ್ಕಿಂತ ಹಳೆಯದಾದ ಭಾರತೀಯ ಅಪರಾಧಶಾಸ್ತ್ರ ಸಂಘವಿದೆ, ಅದರ ಕುಮಾರಪ್ಪ–ರೆಕ್ಲೆಸ್ ಪ್ರಶಸ್ತಿಯಿದೆ. ಇವು ಬೇಡ ಎನ್ನುವುದು ನನ್ನ ವಾದವಲ್ಲ. ಪಾಂಡಿತ್ಯದ ಪ್ರಶಸ್ತಿ ಪುಸ್ತಕ, ಪ್ರಬಂಧ, ಪಾಠಗಳನ್ನು ನೋಡುತ್ತದೆ. ಆ ಪುಸ್ತಕದೊಳಗೆ ತಮ್ಮ ಸಂಕಟ ಹೇಳಿಕೊಂಡವರಿಗೆ ಅದರಿಂದ ಏನಾಯಿತು ಎಂದು ಕೇಳುವುದು ತೀರ ಅಪರೂಪ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಪ್ರಶಸ್ತಿಯ ಹೆಸರನ್ನೇ ನೋಡೋಣ. ಹೆಂಟಿಗ್ ನಾಜಿ ಆಡಳಿತದಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ವಿದ್ವಾಂಸ. 1948ರಲ್ಲಿ ಅಪರಾಧಿ ಮತ್ತು ಅವನ ಬಲಿಪಶುವಿನ ಬಗ್ಗೆ ಆತ ಬರೆದ ಪುಸ್ತಕ ಈ ಶಾಸ್ತ್ರಕ್ಕೆ ಅಡಿಗಲ್ಲು. ಅದರ ಕೊನೆಯ ಭಾಗದ ವಿಷಯ, ಅಪರಾಧ ನಡೆಯುವುದರಲ್ಲಿ ಬಲಿಪಶುವಿನ ಪಾಲೆಷ್ಟು ಎನ್ನುವುದು. ಹೆಂಗಸರು, ಮಕ್ಕಳು, ಮುದುಕರು, ವಲಸಿಗರು, ಅಲ್ಪಸಂಖ್ಯಾತರು ಎಂದೆಲ್ಲ ಆತ ಬಲಿಪಶುಗಳಲ್ಲಿ 13 ಬಗೆ ಮಾಡಿದ. ಇದೇ ಶಾಸ್ತ್ರದ ಇನ್ನೊಬ್ಬ ಆದಿಪುರುಷ ಮೆಂಡೆಲ್‌ಸನ್, ಏನೂ ತಪ್ಪಿಲ್ಲದವನಿಂದ ಹಿಡಿದು ಪೂರ್ತಿ ತನ್ನದೇ ತಪ್ಪಿರುವವನವರೆಗೆ ಬಲಿಪಶುಗಳನ್ನು ಆರು ಮೆಟ್ಟಿಲ ಮೇಲೆ ನಿಲ್ಲಿಸಿದ. 1971ರಲ್ಲಿ ಮೆನಾಖೆಮ್ ಅಮೀರ್ ಇದೇ ದಾರಿಯಲ್ಲಿ ಅತ್ಯಾಚಾರಕ್ಕೆ ಗುರಿಯಾದ ಹೆಣ್ಣುಮಕ್ಕಳ ಪಾಲನ್ನು ಲೆಕ್ಕ ಹಾಕಲು ಹೊರಟಾಗ ಸ್ತ್ರೀವಾದಿಗಳು ತಿರುಗಿಬಿದ್ದರು. ಶಾಸ್ತ್ರ ಮುಂದೆ ದಾರಿ ಬದಲಿಸಿತು. 1985ರ ನವೆಂಬರ್ 29ರಂದು ವಿಶ್ವಸಂಸ್ಥೆ ನೊಂದವರ ನ್ಯಾಯದ ಘೋಷಣೆಯನ್ನು ಒಪ್ಪಿಕೊಂಡಿತು. ಆದರೆ ಹೆಂಟಿಗ್ ಕೇಳಿದ ಪ್ರಶ್ನೆ ಸತ್ತಿಲ್ಲ. ಕುಮಟಾದ ಬಸ್‌ಸ್ಟ್ಯಾಂಡಿನಲ್ಲೋ ಹೊನ್ನಾವರದ ಚಾ ಅಂಗಡಿಯಲ್ಲೋ ಹತ್ತು ನಿಮಿಷ ಕೂತರೆ ಅದೇ ಪ್ರಶ್ನೆ ಕನ್ನಡದಲ್ಲಿ ಕೇಳಿಸುತ್ತದೆ: ಅಷ್ಟು ಹೊತ್ತಿಗೆ ಅವ ಅಲ್ಲಿಗೆ ಯಾಕೆ ಹೋಗಿದ್ದ? ಅವಳು ಅವನ ಸಂಗಡ ಯಾಕೆ ಮಾತಾಡಬೇಕಿತ್ತು?

ನಮ್ಮ ಭಾಷೆಯೂ ಇದರಲ್ಲಿ ಪಾಲುದಾರ. ವಿಕ್ಟಿಮ್ ಎಂಬುದರ ಲ್ಯಾಟಿನ್ ಮೂಲಕ್ಕೆ ಬಲಿ ಕೊಡುವ ಪ್ರಾಣಿ ಎಂದೇ ಅರ್ಥ. ನಾವೂ ಬಲಿಪಶು ಎನ್ನುತ್ತೇವೆ. ನೆರೆಗೆ ಮನೆ ಕಳೆದುಕೊಂಡವರೂ ಸಂತ್ರಸ್ತರು, ಅತ್ಯಾಚಾರದ ಸುದ್ದಿಯಲ್ಲಿ ಬರುವ ಹುಡುಗಿಯೂ ಸಂತ್ರಸ್ತೆ. ನನಗೆ ನೊಂದವರು ಎಂಬ ಮಾತೇ ಸರಿ ಕಾಣುತ್ತದೆ. ಅದರಲ್ಲಿ ನೋವೂ ಇದೆ, ಮನುಷ್ಯರೂ ಇದ್ದಾರೆ.

ಇನ್ನು ನಮ್ಮ ಕರಾವಳಿಗೆ ಬರೋಣ. 1993ರಲ್ಲಿ ಭಟ್ಕಳದಲ್ಲಿ ಕೋಮುಗಲಭೆ ತಿಂಗಳುಗಟ್ಟಲೆ ನಡೆಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ಮಾಡಿತು. 1996ರ ಏಪ್ರಿಲ್‌ನಲ್ಲಿ ಅಲ್ಲಿಯ ಶಾಸಕ ಡಾ. ಯು. ಚಿತ್ತರಂಜನ್ ಅವರ ಕೊಲೆಯಾಯಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಗಲಾಟೆಯ ಹೊತ್ತಿಗೆ ಕಾಣೆಯಾದ ಯುವಕನೊಬ್ಬನ ದೇಹ ಎರಡು ದಿನದ ಮೇಲೆ ಕೆರೆಯಲ್ಲಿ ಸಿಕ್ಕಿತು. ಬೆಂಕಿ ಕುಮಟಾಕ್ಕೂ ಹಬ್ಬಿ, ಐಜಿಪಿಯವರ ವಾಹನವೇ ಉರಿಯಿತು. ಸುಮಾರು ಐದು ವರ್ಷದ ನಂತರ, 2022ರಲ್ಲಿ, ಅದು ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟಿತು.

ಆ ಐದು ವರ್ಷದಲ್ಲಿ ನೊಂದವರು ಯಾರು ಯಾರು? ಮಗನನ್ನು ಕಳೆದುಕೊಂಡ ಮನೆ ಒಂದು. ಕಲ್ಲೇಟಿಗೆ ಸಿಕ್ಕವರು, ಬಾಗಿಲು ಹಾಕಿ ಕೂತು ದಿನದ ದುಡಿಮೆ ಕಳೆದುಕೊಂಡವರು, ಮೆರವಣಿಗೆಗೆ ಹೋಗಿ ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆದ ಬಡವರ ಮನೆಯ ಹುಡುಗರು, ಅವರ ತಾಯಂದಿರು. ನಮ್ಮಲ್ಲಿ ನೊಂದವರಿಗೆ ಎರಡೇ ಗತಿ: ಒಂದೋ ಬ್ಯಾನರಿನ ಮೇಲೆ ಫೋಟೊ, ಇಲ್ಲವೋ ಯಾರ ಲೆಕ್ಕಕ್ಕೂ ಇಲ್ಲ. ನೊಂದವರನ್ನು ಘೋಷಣೆಯಿಂದ ಬಿಡಿಸಿ ಮನುಷ್ಯರಾಗಿ ನೋಡುವುದಕ್ಕೇ ಈ ಶಾಸ್ತ್ರ ಬೇಕಾದದ್ದು. ಹೊನ್ನಾವರದ ಪದವಿ ವಿದ್ಯಾರ್ಥಿಯೊಬ್ಬ ತನ್ನ ಊರಿನ ಈ ಕಥೆಯನ್ನು ಕನ್ನಡದಲ್ಲಿ, ಯಾವ ಪಕ್ಷದ ಕರಪತ್ರವೂ ಅಲ್ಲದ ಪುಸ್ತಕದಲ್ಲಿ ಓದಬೇಕೆಂದರೆ ಗ್ರಂಥಾಲಯದ ಯಾವ ಕಪಾಟು ತೆಗೆಯಬೇಕು?

ವಿದ್ವಾಂಸರ ಉತ್ತರ ನನಗೆ ಗೊತ್ತಿದೆ. ಪ್ರಶಸ್ತಿಯಿಂದ ಕಡೆಗಣಿಸಿದ ವಿಷಯಕ್ಕೆ ಮಾನ ಬರುತ್ತದೆ, ತರುಣರು ಇತ್ತ ಬರುತ್ತಾರೆ, ಶಾಸ್ತ್ರ ಬೆಳೆದರೆ ಕಾನೂನೂ ಬದಲಾಗುತ್ತದೆ ಎನ್ನುತ್ತಾರೆ. ಇದು ಸುಳ್ಳಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿ ಪರಿಹಾರ ಯೋಜನೆ ಬಂತು, ಕರ್ನಾಟಕದ ಯೋಜನೆ 2011ರಲ್ಲಿ ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಅದನ್ನು ಉಳಿಸಿಕೊಂಡಿದೆ. ಅಪರಾಧಿ ಪತ್ತೆಯಾಗದಿದ್ದರೂ ನೊಂದವರು ಪರಿಹಾರಕ್ಕೆ ಅರ್ಜಿ ಹಾಕಬಹುದು, ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ದೂರು ಕೊಟ್ಟವರಿಗೋ ನೊಂದವರಿಗೋ ತಿಳಿಸಬೇಕು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ಮೊತ್ತ ನಿಗದಿ ಮಾಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಕಾರವಾರದಲ್ಲಿ. ಭಟ್ಕಳದಿಂದ ಅದು ನೂರು ಕಿಲೋಮೀಟರಿಗೂ ಆಚೆ. ದಿನಗೂಲಿ ಬಿಟ್ಟು ಅಲ್ಲಿಗೆ ಹೋಗಬೇಕು ಎಂದು ಗೊತ್ತಿರುವವರೆಷ್ಟು, ಹೋಗಿ ಬಂದವರೆಷ್ಟು, 90 ದಿನದಲ್ಲಿ ಠಾಣೆಯಿಂದ ಮಾತು ಬಂದದ್ದು ಎಷ್ಟು ಮನೆಗೆ? ಭಟ್ಕಳ, ಹೊನ್ನಾವರ, ಕುಮಟಾ, ಮೂರು ತಾಲ್ಲೂಕು ಸುತ್ತಿ ಈ ಲೆಕ್ಕ ಹಿಡಿಯುವ ವಿದ್ಯಾರ್ಥಿಗೆ ಪ್ರಶಸ್ತಿ ಕೊಡಿ, ಚಪ್ಪಾಳೆ ತಟ್ಟಲು ಮುಂದಿನ ಸಾಲಿನಲ್ಲಿ ನಾನೇ ಕೂರುತ್ತೇನೆ.

ಭಾಷೆಯ ಮಾತು ಇನ್ನೂ ಇದೆ. ಇಲ್ಲಿ ನೋವು ಕೊಂಕಣಿಯಲ್ಲಿ, ನವಾಯತಿಯಲ್ಲಿ, ಹಾಲಕ್ಕಿಗಳ ಕನ್ನಡದಲ್ಲಿ ಹೊರಡುತ್ತದೆ. ಠಾಣೆಯಲ್ಲಿ ಅದು ಸರ್ಕಾರಿ ಕನ್ನಡ, ಪ್ರಬಂಧದಲ್ಲಿ ಇಂಗ್ಲಿಷ್. ಕೊನೆಗೆ ಹೇಳಿದವರ ಮುಂದೆ ಹಿಡಿದರೆ ತಾವು ಹೇಳಿದ್ದು ಇದೇ ಎಂದು ಅವರಿಗೇ ಗುರುತು ಸಿಗುವುದಿಲ್ಲ. ಸಂಶೋಧಕ ಡಾಕ್ಟರ್ ಆಗುತ್ತಾನೆ. ಹೇಳಿದವರು ಕೋಷ್ಟಕದಲ್ಲಿ ಒಂದು ಅಂಕಿಯಾಗುತ್ತಾರೆ.

ಹಾಗಾಗಿ ಪ್ರಶಸ್ತಿ ಕೊಡುವವರ ಮುಂದೆ ನನ್ನ ಬೇಡಿಕೆ ಮೂರು. ಒಂದು, ಅಧ್ಯಯನದ ಸಾರ ನೊಂದವರ ಭಾಷೆಯಲ್ಲಿ ಅವರ ತಾಲ್ಲೂಕಿಗೆ ಮರಳಿದ ಮೇಲೆಯೇ ಅದನ್ನು ಪ್ರಶಸ್ತಿಗೆ ಪರಿಗಣಿಸಬೇಕು. ಎರಡು, ಆಯ್ಕೆ ಸಮಿತಿಯಲ್ಲಿ ಪ್ರಾಧ್ಯಾಪಕರ ಪಕ್ಕ ಕೋರ್ಟು ಠಾಣೆ ಅಲೆದು ಗೊತ್ತಿರುವ ಒಬ್ಬರಾದರೂ ಕೂರಬೇಕು. ಮೂರು, ಪ್ರಶಸ್ತಿಯ ಹಣದಲ್ಲಿ ಒಂದು ಪಾಲು ಅಧ್ಯಯನ ನಡೆದ ಊರಿನ ಕಾನೂನು ನೆರವಿಗೆ ಹೋಗಬೇಕು.

ಇದು ದೂರದ ಮಾತಲ್ಲ. ನಮ್ಮ ಈ ಮೂರೂ ಊರಿನ ಪದವಿ ಕಾಲೇಜುಗಳು ಸೇರಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ವಿಭಾಗ ಇದೆ. ಘಟ್ಟ ಇಳಿದರೆ ಕರಾವಳಿ. ಅಲ್ಲಿಯ ವಿದ್ಯಾರ್ಥಿಗಳೇ, ಮುಂದಿನ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಬಸ್ಸು ಹತ್ತಿ ಇಲ್ಲಿಗೆ ಬನ್ನಿ. ಹೇಳುವವರಿದ್ದಾರೆ. ಬರೆದುಕೊಂಡು ಹೋದದ್ದನ್ನು ವಾಪಸು ತಂದು ಅವರಿಗೆ ಓದಿ ಹೇಳಿ. ಹಾರದ ಮಾತು ಆಮೇಲೆ.