ಮೆಷಿನ್‌ನ ತಿರುಪು ತಿರುಗಿಸುವ ಮುನ್ನ ವಾರಂಟಿ ಕಾಗದ ಓದಿ



ಕಳೆದ ಮಳೆಗಾಲದಲ್ಲಿ ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಒಂದು ಮನೆಗೆ ಹೋಗಿದ್ದೆ. ಐದು ಹಸುಗಳಲ್ಲಿ ಮೂರಕ್ಕೆ ಒಂದೇ ತಿಂಗಳಲ್ಲಿ ಬಾವು. ಕೊಟ್ಟಿಗೆ ಸ್ವಚ್ಛವಾಗಿತ್ತು. ಕರೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವ ರೂಢಿಯೂ ಇತ್ತು. ಹಾಗಾದರೆ ತಪ್ಪು ಎಲ್ಲಿ? ತೊಟ್ಟಿನ ತುದಿ ನೋಡಿದೆ. ಬಿಳಿ ಉಂಗುರದಂತೆ ದಪ್ಪಗಟ್ಟಿ ಬಿರುಕು ಬಿಟ್ಟಿತ್ತು. ಹಾಲು ಕರೆಯುವ ಮೆಷಿನ್ ಚಾಲೂ ಮಾಡಿಸಿದರೆ ಗೇಜಿನ ಮುಳ್ಳು 60ರ ಹತ್ತಿರ ನಿಂತಿತು. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದು 45.

"ಕರೆಯೋದು ನಿಧಾನ ಆಗ್ತಿತ್ತು ಡಾಕ್ಟ್ರೇ. ಪೇಟೆ ಮೆಕ್ಯಾನಿಕ್ ತಿರುಪು ಬಿಗಿ ಮಾಡಿ, ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಕೊಟ್ಟ. ಈಗ ಬೇಗ ಆಗುತ್ತೆ" ಅಂದರು ಆ ಅಕ್ಕ. ಮುಂದಿನ ತಿಂಗಳು ಪಂಪು ಬಿಸಿಯಾಗಿ ಹಿಡಿದುಕೊಂಡಿತು. ಖರೀದಿಸಿ ವರ್ಷವೂ ಆಗಿರಲಿಲ್ಲ. ಕಂಪನಿಯವರು ಬಂದು ನೋಡಿ, "ಮಾರ್ಪಾಡು ಮಾಡಲಾಗಿದೆ, ವಾರಂಟಿ ಅನ್ವಯಿಸುವುದಿಲ್ಲ" ಎಂದು ಬರೆದು ಹೋದರು. ಪಂಪಿನ ಖರ್ಚು ಮೈಮೇಲೆ ಬಂತು. ಔಷಧಿ ಕೊಟ್ಟಷ್ಟು ದಿನ, ಅದರ ಮೇಲೆ ನಾನು ಹೇಳಿದಷ್ಟು ದಿನ, ಆ ಮೂರು ಹಸುಗಳ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ.

ಇದು ಕಾರು, ಬೈಕಿನಲ್ಲೂ ನಡೆಯುವ ಮಾತೇ. ಮನೆಯ ಹುಡುಗರು ಹೊಸ ಕಾರಿನ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸಿ, "ಪವರ್ ಜಾಸ್ತಿ ಆಯ್ತು" ಅನ್ನುತ್ತಾರೆ. ಟರ್ಬೊ ಕೆಟ್ಟಾಗ ಕಂಪನಿ ಕೈ ಎತ್ತುತ್ತದೆ. ವಾರಂಟಿ ಅಂದರೆ ಇಷ್ಟೇ: "ನಾವು ಮಾಡಿಕೊಟ್ಟ ರೀತಿಯಲ್ಲಿ, ನಾವು ಹೇಳಿದ ರೀತಿಯಲ್ಲಿ ಬಳಸಿದಾಗ, ನಮ್ಮ ತಯಾರಿಕೆಯ ದೋಷದಿಂದ ಕೆಟ್ಟರೆ ನಾವು ಸರಿಮಾಡಿಕೊಡುತ್ತೇವೆ." ಮೆಷಿನ್‌ನ ಲೆಕ್ಕವನ್ನೇ ಬದಲಿಸಿದ ಮೇಲೆ ದೋಷ ಯಾರದ್ದು ಎಂಬ ಜಗಳ ಹುಟ್ಟುತ್ತದೆ. ಕಾರಿಗೂ ನಮ್ಮ ಮೆಷಿನ್‌ಗೂ ಒಂದು ವ್ಯತ್ಯಾಸವಿದೆ. ಕಾರಿಗೆ ನೋವಾಗುವುದಿಲ್ಲ. ನಮ್ಮ ಮೆಷಿನ್‌ನ ಇನ್ನೊಂದು ತುದಿಯಲ್ಲಿ ಹಸುವಿನ ಕೆಚ್ಚಲಿದೆ.

ಬಕೆಟ್ ಮೆಷಿನ್‌ಗಳ ಎಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ನಡುವೆ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಬರೆದ ಅಂಕಿಯೇ ನಿಮಗೆ ಲೆಕ್ಕ. ಎಳೆತ ಮಿತಿ ಮೀರಿದರೆ ರೆಗ್ಯುಲೇಟರ್ ಗಾಳಿಯನ್ನು ಒಳಗೆ ಬಿಟ್ಟು ಅದನ್ನು ತಗ್ಗಿಸುತ್ತದೆ. ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಲೈನರನ್ನು ತೆರೆದು ಮುಚ್ಚಿ, ತೊಟ್ಟನ್ನು ಕರು ಚೀಪಿದಂತೆ ಒತ್ತಿ ಬಿಡುತ್ತದೆ. ರೆಗ್ಯುಲೇಟರ್ ಬಿಗಿ ಮಾಡಿದರೆ ಎಳೆತ ಏರುತ್ತದೆ, ತೊಟ್ಟಿನಲ್ಲಿ ರಕ್ತ ಕಟ್ಟುತ್ತದೆ, ಹಸು ಒದೆಯುತ್ತದೆ. ದಿನಗಳೆದಂತೆ ತೊಟ್ಟಿನ ತುದಿ ಗಡುಸಾಗಿ, ಹಾಲಿನ ರಂಧ್ರ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಬಾವಿನ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ.

ನಿಧಾನಕ್ಕೆ ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ. ಲೈನರ್ ಸವೆದಿರಬಹುದು, ಪೈಪು ಸೋರುತ್ತಿರಬಹುದು, ಬೆಲ್ಟ್ ಸಡಿಲವಾಗಿರಬಹುದು, ಪಲ್ಸೇಟರಿನಲ್ಲಿ ಕೊಳೆ ಕೂತಿರಬಹುದು. ಕೆಚ್ಚಲು ತೊಳೆದು, ಒರೆಸಿ, ನಾಲ್ಕು ಧಾರೆ ಕೈಯಲ್ಲಿ ತೆಗೆದು, ಒಂದೂವರೆ ನಿಮಿಷದೊಳಗೆ ಮೆಷಿನ್ ಹಾಕದಿದ್ದರೂ ಹಸು ಸೊರೆ ಬಿಡುವುದು ತಡವಾಗುತ್ತದೆ. ರಬ್ಬರ್ ಲೈನರಿಗೆ ಸುಮಾರು 2500 ಸಲ ಕರೆಯುವಷ್ಟು ಆಯಸ್ಸು. ಒಂದೇ ಸೆಟ್ಟಿನಲ್ಲಿ ಐದು ಹಸುಗಳನ್ನು ದಿನಕ್ಕೆ ಎರಡು ಹೊತ್ತು ಕರೆದರೆ 250 ದಿನಕ್ಕೆ ಅದು ಮುಗಿಯಿತು. ಕಂಪನಿ ಇನ್ನೂ ಮುಂಚೆ ಬದಲಿಸಿ ಅಂದಿದ್ದರೆ ಅದನ್ನೇ ಪಾಲಿಸಿ.

ಈಗ ನಿಮ್ಮ ಕಡೆಯ ಮಾತು. "ಕಂಪನಿ ಮೆಕ್ಯಾನಿಕ್ ಹತ್ತು ದಿನ ಬರಲ್ಲ. ಹಸು ಹತ್ತು ದಿನ ಕಾಯುತ್ತಾ?" ನ್ಯಾಯವಾದ ಪ್ರಶ್ನೆ. ಬೆಳಗಿನ ಐದು ಗಂಟೆಗೆ ಕೊಟ್ಟಿಗೆಯಲ್ಲಿ ನಿಂತವರನ್ನು ಬಿಟ್ಟು ಮೆಕ್ಯಾನಿಕ್‌ನನ್ನಷ್ಟೇ ದೂರುವುದು ಸರಿಯಲ್ಲ. ಆದರೆ ರಿಪೇರಿ ಬೇರೆ, ಮಾರ್ಪಾಡು ಬೇರೆ. ಹರಿದ ಬೆಲ್ಟಿಗೆ ಅದೇ ಅಳತೆಯ ಬೆಲ್ಟ್ ಹಾಕಿಸುವುದು ರಿಪೇರಿ. ಪುಲ್ಲಿಯ ಅಳತೆ ಬದಲಿಸುವುದು, ರೆಗ್ಯುಲೇಟರಿನ ಸೀಲು ಒಡೆಯುವುದು ಮಾರ್ಪಾಡು.

ಹೊರಗಿನವರು ಮುಟ್ಟಿದರು ಅಂದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನುವುದೂ ನ್ಯಾಯವಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಪ್ರಕರಣದಲ್ಲಿ ಇದನ್ನೇ ಹೇಳಿತು: ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಕೂಡದು, ಆ ಕೆಟ್ಟ ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ರದ್ದು ಮಾಡಬಹುದು. ಅದು ಕಾರು ಕಂಪನಿಗಳಿಗೆ ಕೊಟ್ಟ ಆದೇಶ, ಅದರ ಮೇಲೆ ಮೇಲ್ಮನವಿಗಳೂ ಆದವು. ಆದರೂ ಅದರ ಹಿಂದಿನ ನ್ಯಾಯ ನಮ್ಮ ಮೆಷಿನ್‌ಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಪುಲ್ಲಿ ಬದಲಿಸಿದ್ದಕ್ಕೆ ಪಂಪು ಕೆಟ್ಟರೆ ಹೊಣೆ ನಮ್ಮದು. ಅದಕ್ಕೆ ಸಂಬಂಧವಿಲ್ಲದ ಬಕೆಟ್ಟಿನ ಬೆಸುಗೆ ಬಿಟ್ಟರೆ ಹೊಣೆ ಕಂಪನಿಯದ್ದೇ.

ಇನ್ನೊಂದು ವಿಷಯ. ಎಷ್ಟೋ ಮನೆಗಳಲ್ಲಿ ಬಿಲ್ಲು ಗಂಡನ ಹೆಸರಲ್ಲಿ, ದುಡಿಮೆ ಹೆಂಡತಿಯದ್ದು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡ ವಸ್ತುವನ್ನು ಕಾಯ್ದೆ ವ್ಯಾಪಾರದ ಉದ್ದೇಶ ಎಂದು ತಳ್ಳಿಹಾಕುವುದಿಲ್ಲ. ಅಂದರೆ ನಾಲ್ಕು ಹಸು ಕರೆಯುವ ನೀವೂ ದೂರು ಕೊಡಬಹುದು. 1915ಕ್ಕೆ ಫೋನ್ ಮಾಡಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು.

ಇದಕ್ಕೆಲ್ಲ ಕಾಗದ ಬೇಕು. ಬಿಲ್ಲು, ವಾರಂಟಿ ಕಾರ್ಡು, ಪುಸ್ತಕ ಮೂರನ್ನೂ ಡೇರಿ ಪಾಸ್‌ಬುಕ್ಕಿನ ಜೊತೆ ನೀವೇ ಇಟ್ಟುಕೊಳ್ಳಿ. ಮೆಷಿನ್ ಬಂದ ದಿನವೇ ಗೇಜಿನ ಅಂಕಿ ಕೇಳಿ, ಗೋಡೆ ಮೇಲೆ ಬರೆದಿಡಿ. ದಿನವೂ ಕರೆಯುವಾಗ ಒಮ್ಮೆ ಮುಳ್ಳು ನೋಡಿ. ಕೆಟ್ಟಾಗ ಮೊದಲು ಕಂಪನಿಗೆ ಫೋನ್ ಮಾಡಿ, ಜೊತೆಗೆ ಒಂದು ಮೆಸೇಜೂ ಹಾಕಿ, ತಾರೀಕು ಉಳಿಯುತ್ತದೆ. ಅವರು ಬರುವವರೆಗೆ ಕೈಯಲ್ಲಿ ಕರೆಯಿರಿ. ಕಷ್ಟ ನಿಜ, ಆದರೆ ಕೆಚ್ಚಲು ಉಳಿಯುತ್ತದೆ. ಅನಿವಾರ್ಯವಾಗಿ ಹೊರಗೆ ರಿಪೇರಿ ಮಾಡಿಸಿದರೆ ಏನು ಬದಲಿಸಿದರು ಎಂದು ಬರೆಸಿದ ಬಿಲ್ಲು ತೆಗೆದುಕೊಳ್ಳಿ, ಹಳೆಯ ಬಿಡಿಭಾಗ ಎಸೆಯಬೇಡಿ.

ನಮ್ಮ ಒಕ್ಕೂಟಕ್ಕೂ ಒಂದು ಮಾತು. ಒಕ್ಕೂಟದ ಮೂಲಕ ಮೆಷಿನ್ ಕೊಡಿಸುವಾಗ ದರದ ಜೊತೆ ಎರಡು ಷರತ್ತು ಹಾಕಬೇಕು: ವಾರಂಟಿ ಕಾರ್ಡು ಕನ್ನಡದಲ್ಲಿರಬೇಕು, ದೂರು ಕೊಟ್ಟ ಎರಡು ದಿನದೊಳಗೆ ಮೆಕ್ಯಾನಿಕ್ ಕೊಟ್ಟಿಗೆಗೆ ಬರಬೇಕು. ಅದು ಆಗುವವರೆಗೆ ಪೇಟೆ ಮೆಕ್ಯಾನಿಕ್‌ನ ಪಾನಾ ನಿಲ್ಲುವುದಿಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ನೀವೇ ಎದ್ದು ನಿಂತು ಕೇಳಿ. ನಾನು ಕೇಳಿದರೆ ಒಬ್ಬ ಡಾಕ್ಟರ ಸಲಹೆ ಆಗುತ್ತದೆ. ನೀವು ಕೇಳಿದರೆ ಅದು ಸದಸ್ಯರ ಬೇಡಿಕೆ.